ಅರವತ್ತು ದಾಟಬಾರದ ಹಳದಿ ಕಾರು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮುಂದಿನ ಎರಡು ಹಲ್ಲು ಈಗಲೇ ಉದುರಿ ಬೀಳಲಿ. ಅವು ಕಟ್ಟಿಸಿದ ಹಲ್ಲು ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಹುಟ್ಟಿನಿಂದ ಬಂದದ್ದನ್ನು ಯಾರು ಬೇಕಾದರೂ ಪಣಕ್ಕಿಡುತ್ತಾರೆ. ಕಟ್ಟಿಸಿಕೊಂಡದ್ದನ್ನು ಇಡುವುದಕ್ಕೆ ಎದೆ ಬೇಕು. ಅಲ್ಲದೆ ಅವನ್ನು ಕಟ್ಟಿಕೊಟ್ಟವನೇ ಈ ಕಥೆಯ ಆಸಾಮಿ. ಅರ್ಧ ಮಾತಿನಲ್ಲಿ ಎದ್ದು ಹೋಗುವವರು ಧಾರಾಳವಾಗಿ ಹೋಗಬಹುದು. ಈ ಕಥೆ ಅಂಥವರನ್ನೂ ಕಂಡಿದೆ.

ಅವನನ್ನು ಹೆಂಡತಿಯ ಮನೆಯವರೆಲ್ಲ ಚಿಕ್ಕಳಿಯ ಎನ್ನುತ್ತಿದ್ದರು. ಕೆಲಸ ಹಲ್ಲಿನ ಸೆಟ್ಟು ಮಾಡುವುದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದೆ ಒಂದು ಉದ್ದನೆಯ ಕೋಣೆ. ಅದರ ಮೇಜಿನ ಮೇಲೆ ಊರವರ ದವಡೆಗಳ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ಕಪಾಟಿನ ತುಂಬ ವಸಡು ಮಾಡುವ ಗುಲಾಬಿ ಪುಡಿಯ ಡಬ್ಬಿಗಳು. ಸೆಟ್ಟು ಮುಗಿದ ಮೇಲೆ ಅವನು ಕಣ್ಣು ಮುಚ್ಚಿ ಬೆರಳ ತುದಿಯನ್ನು ಅದರ ಮೇಲೆ ಆಡಿಸುತ್ತಿದ್ದ. ಕೂದಲೆಳೆಯಷ್ಟು ಉಬ್ಬಿದ್ದರೂ ಬೆರಳಿಗೆ ಸಿಗುತ್ತಿತ್ತು. "ಕಣ್ಣು ದಾಕ್ಷಿಣ್ಯಕ್ಕೆ ಬೀಳುತ್ತೆ, ಬೆರಳು ಬೀಳಲ್ಲ" ಎನ್ನುತ್ತಿದ್ದ.

ಚಿಕ್ಕಳಿಯ ಇದ್ದ ಮೇಲೆ ದೊಡ್ಡಳಿಯ ಇರಲೇಬೇಕು. ಅವನು ಹೆಂಡತಿಯ ಅಕ್ಕನ ಗಂಡ, ಷಡ್ಡಕ. ಹಳೆಯ ಮೇಜು ಕುರ್ಚಿ ಬೀರುಗಳನ್ನು ರಿಪೇರಿ ಮಾಡಿ ಪಾಲಿಶ್ ಹೊಡೆಯುವವನು. ಮರದಲ್ಲಿ ಎಂಥ ಗೀರಿದ್ದರೂ ಅದೇ ಬಣ್ಣದ ಮೇಣ ತುಂಬಿ, ಗೀರಿತ್ತು ಎಂದು ಹೇಳಿದವನೇ ನಾಚಿಕೊಳ್ಳುವ ಹಾಗೆ ಮಾಡುತ್ತಿದ್ದ. ಗಂಭೀರ ಮನುಷ್ಯ. ನಗಬೇಕಾದರೂ ಮೊದಲು ಬಾಗಿಲು ಹಾಕಿದೆಯೇ ಎಂದು ನೋಡುವವನು.

ಇವರಿಬ್ಬರಿಗೂ ಸೇರಿ ಮಾವನವರು ಬಿಟ್ಟು ಹೋದದ್ದು ಒಂದು ಸ್ಪೋರ್ಟ್ಸ್ ಕಾರು. ಸೀಟು ಎರಡು. ಹೆಣ್ಣುಮಕ್ಕಳು ಇಬ್ಬರು, ಅಳಿಯಂದಿರು ಇಬ್ಬರು. ಮಾವನವರಿಗೆ ಲೆಕ್ಕ ಬರುತ್ತಿರಲಿಲ್ಲವೋ, ಅಥವಾ ತುಂಬಾ ಚೆನ್ನಾಗಿ ಬರುತ್ತಿತ್ತೋ, ಈಗ ಕೇಳುವ ಹಾಗಿಲ್ಲ. ತಗ್ಗಾದ, ಮೂತಿ ಚೂಪಾದ, ಮೇಲಿನ ಹೊದಿಕೆ ಮಡಚಿ ಹಿಂದಕ್ಕೆ ತಳ್ಳುವಂಥ ಕಾರು. ಬಣ್ಣ ಎಂಥ ಹಳದಿ ಎಂದರೆ, ಅದು ನಿಂತ ಬೀದಿಯಲ್ಲಿ ಜನ ಸಂಜೆ ದೀಪ ಹಾಕುವುದನ್ನು ಮರೆಯುತ್ತಿದ್ದರು. ಪಕ್ಕದ ಮನೆಯ ಕೋಳಿಯೊಂದು ಅದನ್ನು ನೋಡಿ, ತನ್ನದೇ ಮೊಟ್ಟೆ ಎಲ್ಲೋ ಒಡೆದುಹೋಗಿದೆ ಎಂದು ಎರಡು ದಿನ ಕಾಳು ಮುಟ್ಟಲಿಲ್ಲ.

ಕಾರು ಒಂದು ವಾರ ಚಿಕ್ಕಳಿಯನ ಶೆಡ್ಡಿನಲ್ಲಿ, ಒಂದು ವಾರ ದೊಡ್ಡಳಿಯನ ಶೆಡ್ಡಿನಲ್ಲಿ. ಕಾನೂನು ಮಾಡಿದವನು ದೊಡ್ಡಳಿಯ. ವೇಗ ಗಂಟೆಗೆ ಅರವತ್ತು ದಾಟಬಾರದು. ಮಳೆಯಲ್ಲಿ ತೆಗೆಯಬಾರದು. ನಿಲ್ಲಿಸಿದ ಮೇಲೆ ಕವರು ಹೊದಿಸಬೇಕು, ತೆಗೆದ ಕವರನ್ನು ಮಡಚಿ ಕೆಳಗಿನ ಹಲಗೆಯ ಮೇಲಿಡಬೇಕು. ಊರಾಚೆಯ ರೇಸ್ ಟ್ರ್ಯಾಕಿಗಂತೂ ಈ ಜನ್ಮದಲ್ಲಿ ಒಯ್ಯಬಾರದು. ಚಿಕ್ಕಳಿಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಆ ಟ್ರ್ಯಾಕಿನ ಕಡೆ ತಲೆ ಹಾಕಿಯೂ ಮಲಗಲ್ಲ ಅಣ್ಣ" ಎಂದು ಮಾತು ಕೊಟ್ಟ. ಮನೆಗೆ ಬಂದು ನೋಡಿದರೆ ಮಂಚದ ತಲೆ ಸರಿಯಾಗಿ ಆ ಕಡೆಗೇ ಇತ್ತು. ಹೆಂಡತಿ ಬೈದರೂ ಕೇಳದೆ ಮಂಚ ತಿರುಗಿಸಿದ. ಬೀರುವಿನ ಬಾಗಿಲು ಅಂದಿನಿಂದ ಅರ್ಧವೇ ತೆರೆಯುವುದು.

ತಲೆ ತಿರುಗಿಸಿದ; ಆಸೆ ತಿರುಗಲಿಲ್ಲ. ಅರವತ್ತರಲ್ಲಿ ಆ ಕಾರು ಕಟ್ಟಿಹಾಕಿದ ನಾಯಿಯ ಹಾಗೆ ಗುರುಗುಡುತ್ತಿತ್ತು. ಒಮ್ಮೆ, ಒಂದೇ ಒಂದು ಸಲ, ಹಗ್ಗ ಬಿಚ್ಚಿ ನೋಡಬೇಕೆಂದು ಅವನ ಪಾದ ತುರಿಸುತ್ತಿತ್ತು.

ಹೀಗಿರುವಾಗ ದೊಡ್ಡಳಿಯ ಕಾಲು ಮುರಿದುಕೊಂಡ.

ಆದದ್ದು ಇಷ್ಟು. ಸರದಿ ಬದಲಾಗುವ ಭಾನುವಾರ ಚಿಕ್ಕಳಿಯ ಕಾರು ತಂದು ಷಡ್ಡಕನ ಶೆಡ್ಡಿನಲ್ಲಿ ಬಿಟ್ಟ. ಕವರು ಹೊದಿಸಲು ಸೋಮಾರಿತನ. ಮಡಚಲು ಇನ್ನೂ ಸೋಮಾರಿತನ. ಉಂಡೆ ಸುತ್ತಿ, ಚೆಂಡು ಎಸೆದ ಹಾಗೆ, ರಿಪೇರಿಗೆ ಬಂದಿದ್ದ ಎತ್ತರದ ಬೀರುವಿನ ಮೇಲಕ್ಕೆ ಎಸೆದು ಮನೆಗೆ ಹೋದ. ಮಾರನೆಯ ದಿನ ದೊಡ್ಡಳಿಯ ಅದನ್ನು ತೆಗೆಯಲು ಕೈಗೆ ಸಿಕ್ಕ ಸ್ಟೂಲು ಹತ್ತಿದ. ಅದೂ ರಿಪೇರಿಗೆ ಬಂದದ್ದೇ. ನಾಲ್ಕನೆಯ ಕಾಲಿಗೆ ಇನ್ನೂ ಅಂಟು ಹಾಕಿರಲಿಲ್ಲ.

ಸುದ್ದಿ ಕೇಳಿ ಮೊದಲು ಓಡಿ ಬಂದವನು ಚಿಕ್ಕಳಿಯ. ಷಡ್ಡಕ ನೆಲದ ಮೇಲೆ ಬಿದ್ದಿದ್ದ. ಕವರು ಅವನ ಮೇಲೆ ಅಚ್ಚುಕಟ್ಟಾಗಿ, ಕಾರಿಗೂ ಯಾವತ್ತೂ ಅಷ್ಟು ಚೆನ್ನಾಗಿ ಕೂರದ ಹಾಗೆ, ಹೊದ್ದುಕೊಂಡಿತ್ತು. ಚಿಕ್ಕಳಿಯ ಅದನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಕೆಳಗಿನ ಹಲಗೆಯ ಮೇಲಿಟ್ಟ. ಅದಾದ ಮೇಲೆ ಷಡ್ಡಕನನ್ನು ಎತ್ತಿದ. ಈ ಕ್ರಮ ನೆನೆದಾಗಲೆಲ್ಲ ಅವನು ಮುಂದೆ ತನ್ನ ತಲೆಗೆ ತಾನೇ ಮೊಟಕಿಕೊಳ್ಳುತ್ತಿದ್ದ.

ಆಸ್ಪತ್ರೆಯಲ್ಲಿ ದೊಡ್ಡಳಿಯನ ಬಲಗಾಲಿಗೆ ತೊಡೆಯಿಂದ ಪಾದದವರೆಗೆ ಪ್ಲಾಸ್ಟರು. ಮೊಣಕಾಲು ಮಡಚುವ ಹಾಗಿಲ್ಲ. ಪಕ್ಕದಲ್ಲಿ ಅವನ ಹೆಂಡತಿ, ಚಿಕ್ಕಳಿಯನಿಗೆ ಅತ್ತಿಗೆ, ಕೂತು ಬೈಯುತ್ತಿದ್ದಳು.

"ಮರದ ಕೆಲಸದವ್ರು ಮೂರು ಕಾಲಿನ ಸ್ಟೂಲ್ ಹತ್ತಿ ಬಿದ್ರು ಅಂತ ಯಾರ ಹತ್ರ ಹೇಳ್ಕೊಳ್ಲಿ? ಮಹಡಿ ಮೆಟ್ಲು ಅಂತ ಹೇಳ್ಕೊಂಡು ಬರ್ತಿದೀನಿ. ನಮ್ ಮನೇಲಿ ಮಹಡಿನೇ ಇಲ್ಲ! ಅಷ್ಟಕ್ಕೂ ಏನಕ್ಕೆ ಹತ್ತಿದ್ರಿ?"

ಚಿಕ್ಕಳಿಯ ಕೈಯಲ್ಲಿದ್ದ ಕಿತ್ತಳೆ ಹಣ್ಣಿನ ಚೀಲವನ್ನು ಅವಳ ಮಡಿಲಿಗಿಟ್ಟ. ದೊಡ್ಡಳಿಯ ಸೂರಿನ ಕಡೆ ನೋಡಿದ.

"ಬೀರು ತಲೆ ಮೇಲೆ ಧೂಳಿತ್ತು. ಒರೆಸಕ್ಕೆ ಹತ್ತಿದೆ."

"ಒರೆಸೋ ಬಟ್ಟೆ ಎಲ್ಲಿತ್ತು?"

"ಜೇಬಲ್ಲಿತ್ತು ಕಣೇ. ಈಗ ಬಟ್ಟೆ ಮೇಲೂ ವಿಚಾರಣೆನಾ?" ಎಂದವನು ಷಡ್ಡಕನ ಕೈ ಹಿಡಿದುಕೊಂಡ. "ತಮ್ಮಾ, ನನ್ ವಾರಗಳನ್ನೂ ನೀನೇ ಇಟ್ಕೋ. ಕಾರು ನಿನ್ ಕೈಲಿದ್ರೆ ನಂಗೆ ಕಣ್ತುಂಬ ನಿದ್ದೆ ಬರುತ್ತೆ."

ಬೈದಿದ್ದರೆ ಚಿಕ್ಕಳಿಯ ಬದುಕಿಕೊಳ್ಳುತ್ತಿದ್ದ. ನಂಬಿದ್ದು ಅವನನ್ನು ಕೊಂದಿತು. ಒಪ್ಪಿಕೊಳ್ಳಲು ಬಾಯಿ ತೆರೆದ. ಅಷ್ಟರಲ್ಲಿ ಅತ್ತಿಗೆ ಆ ಬಾಯೊಳಗೆ ಒಂದು ಕಿತ್ತಳೆ ತೊಳೆ ಇಟ್ಟಳು.

ಅದೇ ವಾರ ಅವನ ಕೋಣೆಗೆ ಬಾವುಟದಯ್ಯ ಬಂದ. ಟ್ರ್ಯಾಕಿನಲ್ಲಿ ಬಾವುಟ ಬೀಸಿ ಕಾರುಗಳನ್ನು ಬಿಡುವ ಮುದುಕ. ಕೆಳಗಿನ ಸೆಟ್ಟು ಬೇಕಾಗಿತ್ತು.

"ಬೇಗ ಮಾಡ್ಕೊಡಪ್ಪ. ಈ ಭಾನುವಾರ ನಮ್ಮಲ್ಲಿ ಕೊನೇ ದಿನ. ಯಾರು ಬೇಕಾದ್ರೂ ತಮ್ಮ ಕಾರು ತಂದು ಓಡಿಸ್ಬೋದು. ಆಮೇಲೆ ಬೀಗ. ಗೋಡೌನ್ ಕಟ್ತಾರಂತೆ."

"ಆಮೇಲೆ ಯಾವತ್ತೂ ಇಲ್ವಾ?"

"ಗೋಡೌನೊಳಗೆ ಓಡಿಸೋದಾದ್ರೆ ಬಾ."

ಹೋಗುವಾಗ ಮುದುಕ ಬಾಗಿಲಲ್ಲಿ ನಿಂತಿದ್ದ ಹಳದಿ ಕಾರನ್ನು ನೋಡಿದ. ಚಿಕ್ಕಳಿಯನನ್ನು ನೋಡಿದ. ಮತ್ತೆ ಕಾರನ್ನು ನೋಡಿದ. ಹಲ್ಲಿಲ್ಲದ ಬಾಯಲ್ಲಿ ಏನೋ ಅಗಿದುಕೊಂಡು ಹೊರಟುಹೋದ.

ಆ ವಾರ ಚಿಕ್ಕಳಿಯನ ಪಾಡು ನಾಯಿಗೂ ಬೇಡ. ಹೋಗದಿದ್ದರೆ ಇನ್ನು ಯಾವತ್ತೂ ಇಲ್ಲ. ಹೋದರೆ, ತಾನೇ ಕಾಲು ಮುರಿಸಿ ಮಲಗಿಸಿದ ಮನುಷ್ಯನ ಬೆನ್ನ ಹಿಂದೆ, ಅವನೇ ಕೊಟ್ಟ ಕೀಲಿಯಿಂದ, ಅವನಿಗೇ ಕೊಟ್ಟ ಮಾತು ಮುರಿದ ಹಾಗೆ. ಪಾಪ ಕೈಗಿಳಿಯಿತು. ಆ ವಾರ ಅವನು ಮಾಡಿದ ಸೆಟ್ಟುಗಳೆಲ್ಲ ತಪ್ಪು ಮಾಡಿದವರ ನಗೆ ನಗತೊಡಗಿದವು. ರಿಟೈರ್ ಆದ ಜಡ್ಜೊಬ್ಬರು ಹೊಸ ಹಲ್ಲು ಹಾಕಿಕೊಂಡು ಮನೆಗೆ ಹೋದರೆ, ಹೆಂಡತಿ ಮುಖ ನೋಡಿದವಳೇ "ಯಾರವಳು?" ಎಂದಳಂತೆ. ಸಂಗೀತದ ಮೇಷ್ಟ್ರೊಬ್ಬರು ಕ್ಲಾಸಿನಲ್ಲಿ ಬಾಯಿ ತೆರೆದ ಕೂಡಲೇ ಮಕ್ಕಳು "ಪರವಾಗಿಲ್ಲ ಬಿಡಿ ಸಾರ್" ಎಂದರಂತೆ. ಡಾಕ್ಟರು ಎಲ್ಲವನ್ನೂ ಪರೀಕ್ಷಿಸಿದರು. ಕಚ್ಚುವುದರಲ್ಲಿ ಏನೂ ದೋಷವಿರಲಿಲ್ಲ.

ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ? ಶುಕ್ರವಾರ ಅವನು ಖಾಲಿ ತಟ್ಟೆಯಲ್ಲಿ ಕೈ ಆಡಿಸುತ್ತಿದ್ದಾಗ ಕೇಳಿದಳು.

"ಏನ್ರೀ, ಯಾರಾದ್ರೂ ತೀರ್ಕೊಂಡ್ರಾ?"

"ಇಲ್ವಲ್ಲ."

"ಮತ್ತೆ ಮುಖ ಯಾಕೆ ಹಂಗಿಟ್ಕೊಂಡಿದೀರ? ಟ್ರ್ಯಾಕಿಗೆ ಹೋಗೋದಾದ್ರೆ ಹೋಗಿ."

"ನಾನೆಲ್ಲಿ ಟ್ರ್ಯಾಕ್ ಅಂದೆ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಳ್ಳೋರು ನೀವು. ಮೂರು ದಿನದಿಂದ ನಿದ್ದೇಲಿ ಗೇರ್ ಹಾಕ್ತಿದೀರ. ನನ್ ಮೊಣಕೈ ನೋಡಿ, ಹೆಂಗೆ ಊದಿದೆ."

"ನಿಮ್ ಭಾವಂಗೆ ಮಾತು ಕೊಟ್ಟಿದೀನಿ ಕಣೇ."

"ಹಂಗಾದ್ರೆ ಹೋಗ್ಬೇಡಿ. ಎರಡರಲ್ಲಿ ಒಂದು ಮಾಡಿ. ಮನೇಲಿ ಈ ಮುಖ ಮಾತ್ರ ಬೇಡ, ಹಾಲು ಒಡೆಯುತ್ತೆ."

ಹಾಲು ಒಡೆದದ್ದು ನಿಜ. ಅದನ್ನು ನಾನು ಒತ್ತಿ ಹೇಳುವುದಿಲ್ಲ.

ಶನಿವಾರ ಬೆಳಿಗ್ಗೆ ಅವನು ಕಾರು ತೊಳೆಯಲು ಕೂತ. ತೊಳೆಯುತ್ತ ತೀರ್ಮಾನ ಮಾಡೋಣ ಎಂದುಕೊಂಡ. ಬಕೆಟ್ಟು ಖಾಲಿಯಾಯಿತು, ತೀರ್ಮಾನ ಆಗಲಿಲ್ಲ. ಮೆತ್ತನೆಯ ಬಟ್ಟೆಯಿಂದ ಒರೆಸಿ, ಅಭ್ಯಾಸಬಲದಿಂದ ಕಣ್ಣು ಮುಚ್ಚಿ, ಬಾನೆಟ್ಟಿನ ಮೇಲೆ ಬೆರಳ ತುದಿ ಆಡಿಸಿದ. ಕಾರಿನ ಮೇಲೆ ಅವನು ಹಾಗೆ ಮಾಡಿದ್ದು ಅದೇ ಮೊದಲು.

ಬೆರಳು ನಿಂತಿತು.

ಬಣ್ಣ ತಣ್ಣಗಿತ್ತು, ನಡುವೆ ಒಂದು ಚುಕ್ಕೆ ಅಷ್ಟು ತಣ್ಣಗಿರಲಿಲ್ಲ. ಪಕ್ಕದಲ್ಲಿ ಇನ್ನೊಂದು. ಮೂತಿಯ ಕಡೆ ಹೋದ ಹಾಗೆ ಸಾಸಿವೆ ಚೆಲ್ಲಿದ ಹಾಗೆ. ಕಣ್ಣು ಬಿಟ್ಟು ನೋಡಿದರೆ ಏನೂ ಇಲ್ಲ, ಎಲ್ಲ ಒಂದೇ ಹಳದಿ. ಉಗುರಿನಿಂದ ಒಂದು ಚುಕ್ಕೆಯನ್ನು ಕೆರೆದ. ಉಗುರಿನೊಳಗೆ ಹಳದಿ ಮೇಣ ಬಂತು. ಕೆಳಗೆ ಕಲ್ಲು ತಾಗಿ ಬಣ್ಣ ಹಾರಿದ ಗುಳಿ. ಮೂಸಿದ. ಷಡ್ಡಕನ ಅಂಗಡಿಯ ವಾಸನೆ.

ಅರವತ್ತರಲ್ಲಿ ಹೋಗುವ ಕಾರಿನ ಮೂತಿಗೆ ಇಷ್ಟೊಂದು ಕಲ್ಲು ಎಲ್ಲಿಂದ ಹಾರುತ್ತದೆ? ಜೋರಾಗಿ ಓಡುವ ಇನ್ನೊಂದು ಕಾರಿನ ಬಾಲ ಹಿಡಿದು ಹೋದರೆ ಮಾತ್ರ. ಅಂಥ ಜಾಗ ಈ ಸುತ್ತಮುತ್ತ ಇದ್ದದ್ದು ಒಂದೇ, ಆ ಟ್ರ್ಯಾಕು.

"ಎಲಾ ಕಳ್ಳ!" ಎಂದ ಚಿಕ್ಕಳಿಯ. ಕೋಪ ಬಂತು. ಕೋಪದ ಬೆನ್ನಿಗೇ ಸಂತೋಷ ಬಂತು, ಇನ್ನು ನಾನು ಹೋದರೂ ತಪ್ಪಿಲ್ಲ ಎಂದು. ಸಂತೋಷ ಬಂದ ಕೂಡಲೇ ಆ ಪ್ಲಾಸ್ಟರು ಹಾಕಿದ ಕಾಲು ಕಣ್ಣ ಮುಂದೆ ಬಂತು. ಅವನ ಕಳ್ಳತನ ಬಾನೆಟ್ಟಿನ ಮೇಲಿತ್ತು, ಇವನದು ಮನುಷ್ಯನ ಮೂಳೆಯೊಳಗಿತ್ತು. ಎರಡನ್ನೂ ತಕ್ಕಡಿಯಲ್ಲಿಟ್ಟರೆ ಯಾವುದು ಕೆಳಗಿಳಿಯುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ಎದ್ದು ಷಡ್ಡಕನ ಮನೆಗೆ ಹೋದ. ಜಗಳ ಆಡಿದರೆ ಎದೆ ಹಗುರಾಗಬಹುದೆಂಬ ಆಸೆ.

ದೊಡ್ಡಳಿಯ ಆಸ್ಪತ್ರೆಯಿಂದ ಮನೆಗೆ ಬಂದಿದ್ದ. ಆರಾಮ ಕುರ್ಚಿಯಲ್ಲಿ ಕೂತು, ಕಾಲನ್ನು ಎದುರಿನ ಸ್ಟೂಲಿನ ಮೇಲೆ ಚಾಚಿದ್ದ. ಈ ಸಲ ಅತ್ತಿಗೆ ಅದರ ನಾಲ್ಕೂ ಕಾಲನ್ನು ಅಲ್ಲಾಡಿಸಿ ನೋಡಿ ಇಟ್ಟಿದ್ದಳು. ಅವಳು ಟೀ ಮಾಡಲು ಒಳಗೆ ಹೋದದ್ದೇ ತಡ, ಚಿಕ್ಕಳಿಯ ಉಗುರು ಮುಂದೆ ಹಿಡಿದ.

"ಇದೇನು?"

"ಮೇಣ."

"ಯಾವ ಮೇಣ?"

"ಜೇನುಮೇಣಕ್ಕೆ ಹಳದಿ ಪುಡಿ, ಒಂದ್ ಹನಿ ಟರ್ಪೆಂಟೈನು. ಬಣ್ಣ ಹೆಂಗೆ ಕೂಡಿದೆ ನೋಡು, ಆರು ಸಲ ಕಲಸಿದ್ ಮೇಲೆ..." ಕಸುಬಿನ ಹೆಮ್ಮೆ ಅಷ್ಟು ದೂರ ಕರೆದುಕೊಂಡು ಹೋಗಿ ಕೈ ಬಿಟ್ಟಿತು. ದೊಡ್ಡಳಿಯನ ಕಿವಿ ಕೆಂಪಾಯಿತು.

"ಟ್ರ್ಯಾಕಿಗೆ ಹೋಗಿದ್ರಾ ಅಣ್ಣ?"

"ಒಂದೇ ಸಲ."

"ಮೂತಿ ತುಂಬ ಸಿಡುಬು ಬಂದಂಗಿದೆ. ಒಂದೇ ಸಲಕ್ಕೆ ಇಷ್ಟಾ?"

"ಪ್ರತಿ ಸಲಾನೂ ಒಂದೇ ಸಲ ಅಂತಾನೇ ಹೋಗಿದ್ದು ತಮ್ಮಾ." ಅವನು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಜೋರಾಗಿ ಓಡ್ಸಿದಾಗ ಇಂಜಿನ್ ಕಾವಿಗೆ ಮೇಣ ಎಲ್ಲ ಕರಗಿ ಹೋಗುತ್ತೆ. ಮನೆಗೆ ಬಂದು ಮತ್ತೆ ತುಂಬ್ತೀನಿ. ತುಂಬುವಾಗ ಇದೇ ಕೊನೆ ಅಂತೀನಿ. ಯಾವ ಬಾಯಲ್ಲಿ ನಿಂಗೆ ಆಣೆ ಹಾಕಿಸ್ದೆ ಅಂತ ನಾಚ್ಕೆನೂ ಆಗುತ್ತೆ. ಮತ್ತೆ ಹೋಗ್ತೀನಿ."

ಚಿಕ್ಕಳಿಯ ಉಗುರಿನೊಳಗಿನ ಮೇಣವನ್ನು ಕೆರೆದು ತೆಗೆದ.

"ನಾಳೆ ಕೊನೇ ದಿನ ಅಲ್ವಾ" ಎಂದ ದೊಡ್ಡಳಿಯ. "ನೀನು ಹೋಗ್ಬಾ. ಅರವತ್ತು ಗಿರವತ್ತು ಎಲ್ಲ ಮರ್ತುಬಿಡು. ನನ್ ಕಾಲು ಹಿಂಗಾಗ್ದೆ ಇದ್ದಿದ್ರೆ..."

ಆ ಮಾತು ಚಿಕ್ಕಳಿಯನಿಗೆ ನೆತ್ತಿಯ ಮೇಲೆ ಸುತ್ತಿಗೆ ಬಡಿದ ಹಾಗಾಯಿತು. "ಅಣ್ಣ, ಆ ಬೀರು ಮೇಲೆ..."

"ಧೂಳಿತ್ತು" ಎಂದ ದೊಡ್ಡಳಿಯ ಥಟ್ಟನೆ. "ಟೀ ಬಂತು, ಕುಡಿ."

ಅತ್ತಿಗೆ ಟೀ ಕೊಟ್ಟು ಮತ್ತೆ ಒಳಗೆ ಹೋಗುವವರೆಗೂ ಚಿಕ್ಕಳಿಯ ಕಾದ. ಆಮೇಲೆ ಲೋಟ ಕೆಳಗಿಟ್ಟು ಹೇಳಿದ. "ನೀವಿಲ್ದೆ ನಾನು ಹೋಗಲ್ಲ. ಹೋದ್ರೆ ಇಬ್ರೂ, ಇಲ್ಲಾಂದ್ರೆ ಇಬ್ರೂ ಇಲ್ಲ."

"ಈ ಕಾಲು ಆ ಕಾರಲ್ಲಿ ಎಲ್ಲಿ ಹಿಡಿಸುತ್ತೋ? ಮಡಚಕ್ಕಾಗಲ್ಲ."

"ಮಡಚೋದ್ಯಾಕೆ? ಮೇಲಿನ ಹೊದಿಕೆ ತೆಗೆದ್ರೆ ಆಕಾಶ ತನಕ ಜಾಗ ಇದೆ."

ಅವತ್ತೇ ಮಧ್ಯಾಹ್ನ ಚಿಕ್ಕಳಿಯ ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಬಳಸಿದ. ದವಡೆಯ ಅಳತೆ ತೆಗೆಯುವ ಅದೇ ಮೆತ್ತನೆಯ ಹಿಟ್ಟು ಕಲಸಿ, ಷಡ್ಡಕನ ಹಿಮ್ಮಡಿಯಿಂದ ಮೀನಖಂಡದವರೆಗೆ ಅಚ್ಚು ತೆಗೆದ. ಅತ್ತಿಗೆ ಬಂದು ಏನಿದು ಎಂದಾಗ "ಕಾಲಿಗೆ ದಿಂಬು" ಎಂದ; ಅದು ಸುಳ್ಳಲ್ಲ. ಕಪಾಟಿನಲ್ಲಿದ್ದ ಗುಲಾಬಿ ಪುಡಿಯ ಡಬ್ಬಿಗಳನ್ನೆಲ್ಲ ಬರಿದು ಮಾಡಿ, ಕಾರಿನ ಮುಂಗಾಜಿನ ಚೌಕಟ್ಟಿಗೆ ಕೂರುವಂಥ ಒಂದು ದೊಡ್ಡ ವಸಡು ಮಾಡಿದ. ಉಜ್ಜಿ ಹೊಳಪು ಕೊಟ್ಟು ಕಣ್ಣು ಮುಚ್ಚಿ ಬೆರಳಾಡಿಸಿದ. ಅಂಥ ವಸಡು ಆನೆಗೂ ಸಿಕ್ಕಿರಲಾರದು. ಊರಿನಲ್ಲಿ ಮುಂದಿನ ತಿಂಗಳಿಡೀ ಯಾರಿಗೂ ಹೊಸ ಹಲ್ಲು ಸಿಗಲಿಲ್ಲ ಎನ್ನುವುದು ಬೇರೆ ಮಾತು.

ಭಾನುವಾರ ಬೆಳಿಗ್ಗೆ ಅಕ್ಕತಂಗಿಯರಿಗೆ "ಸ್ವಲ್ಪ ಗಾಳಿ ಸೇವನೆ" ಎಂದು ಹೇಳಿ ಷಡ್ಡಕರಿಬ್ಬರೂ ಹೊರಟರು. ದೊಡ್ಡಳಿಯ ಎಡಗಡೆಯ ಸೀಟಿನಲ್ಲಿ ಒರಗಿ ಕೂತಿದ್ದ. ಬಲಗಾಲು ಮುಂಗಾಜಿನ ಮೇಲಿನಿಂದ ಆಕಾಶಕ್ಕೆ ಎದ್ದಿತ್ತು, ಗುಲಾಬಿ ವಸಡಿನಿಂದ ಹೊರಟ ಒಂದು ದೈತ್ಯ ಬಿಳಿಯ ಹಲ್ಲಿನ ಹಾಗೆ. ದಾರಿಯಲ್ಲಿ ಡಾಕ್ಟರು ಎದುರು ಸಿಕ್ಕರು. ಯಾವ ಹಲ್ಲಿನ ಅಂಗಡಿಯವರು ಇಷ್ಟು ಜೋರಾಗಿ ಜಾಹೀರಾತು ಮಾಡುತ್ತಿದ್ದಾರೆಂದು ಅವರು ಒಂದು ವಾರ ವಿಚಾರಿಸಿದರು.

ಟ್ರ್ಯಾಕಿನ ಗೇಟಿನಲ್ಲಿ ಬಾವುಟದಯ್ಯ ಹೊಸ ಹಲ್ಲು ಹಾಕಿಕೊಂಡು ನಿಂತಿದ್ದ. ದೊಡ್ಡಳಿಯನನ್ನು ನೋಡಿ ಕೈ ಎತ್ತಿದ. "ಬನ್ನಿ ಸಾರ್, ನಿಮ್ಮ ಮಾಮೂಲಿ ಜಾಗ ಖಾಲಿ ಇದೆ! ಕಾಲು ಏನ್ ಮಾಡ್ಕೊಂಡ್ರಿ?"

"ಧೂಳು" ಎಂದ ದೊಡ್ಡಳಿಯ.

ಮುದುಕನ ಹಲ್ಲೂ ಪಾಪದ ವಾರದ್ದೇ. ಅವನು ಹಸಿರು ಬಾವುಟ ಬೀಸಿ ನಕ್ಕರೆ ಡ್ರೈವರುಗಳೆಲ್ಲ ಏನೋ ಅನಾಹುತ ಆಗಿದೆಯೆಂದು ಬ್ರೇಕು ಒತ್ತುತ್ತಿದ್ದರು. ಕೊನೆಗೆ ಅವನಿಗೆ ಕರವಸ್ತ್ರ ಕಟ್ಟಿಸಿ ನಿಲ್ಲಿಸಬೇಕಾಯಿತು.

ಬಾವುಟ ಬಿತ್ತು. ಚಿಕ್ಕಳಿಯ ಪಾದ ಒತ್ತಿದ. ಅರವತ್ತು ಬಂತು, ಹೋಯಿತು. ಕಾರು ಹಗ್ಗ ಬಿಚ್ಚಿದ್ದನ್ನು ನಂಬಲಾರದೆ ಒಂದು ಕ್ಷಣ ತಡೆದು, ಆಮೇಲೆ ಹಾರಿತು. ಷಡ್ಡಕ ಪಕ್ಕದಿಂದ ಕೂಗುತ್ತಿದ್ದ. "ಈಗ ಬ್ರೇಕು! ಬಿಡು! ಒಳಗಿಂದ ತಗೋ, ಒಳಗಿಂದ! ಶಭಾಷ್!" ಒಂದೊಂದು ತಿರುವೂ ಅವನಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು. ಎಡಕ್ಕೆ ತಿರುಗಿದಾಗ ಪ್ಲಾಸ್ಟರು ಕಾಲು ಬಲಕ್ಕೆ ವಾಲುತ್ತಿತ್ತು. ಹಿಂದಿನವರು ಅದನ್ನು ಸಿಗ್ನಲ್ಲು ಎಂದು ತಿಳಿದು ಬಲಗಡೆ ಹುಲ್ಲಿಗೆ ಇಳಿಯುತ್ತಿದ್ದರು. ಹೀಗಾಗಿ ಆ ದಿನ ಆ ಕಾರನ್ನು ಯಾರೂ ಹಿಂದೆ ಹಾಕಲಿಲ್ಲ. ಮುಂದಿದ್ದ ಕಾರಿನಿಂದ ಒಂದು ಕಲ್ಲು ಟಕ್ಕೆಂದು ಬಾನೆಟ್ಟಿಗೆ ಬಡಿಯಿತು.

"ಬಿಡು, ಮೇಣ ಇದೆ!" ಎಂದು ಕೂಗಿದ ದೊಡ್ಡಳಿಯ. ಬಾಗಿಲು ಹಾಕಿದೆಯೇ ಎಂದು ನೋಡದೆ ಅವನು ನಕ್ಕದ್ದನ್ನು ಚಿಕ್ಕಳಿಯ ಮೊದಲ ಸಲ ಕಂಡ.

ಆ ನಗು ಕಂಡೇ ಅವನಿಗೆ ಕೆಡುಕೆನಿಸಿತು. ಈ ಮನುಷ್ಯನ ಪಾದ ಪೆಡಲಿನ ಮೇಲಿರಬೇಕಾಗಿತ್ತು, ಆಕಾಶದಲ್ಲಲ್ಲ. ಕೊನೆಯ ದಿನ ಅವನದಾಗಬೇಕಾಗಿತ್ತು. ಹೊರಗೆ ಗಾಳಿ ಎಷ್ಟು ಬೀಸಿದರೂ ಒಳಗಿನದು ಹಾರಿ ಹೋಗಲಿಲ್ಲ.

ಸುತ್ತು ಮುಗಿಸಿ ಕಾರನ್ನು ಬದಿಗೆ ನಿಲ್ಲಿಸಿದರು. ಬಾನೆಟ್ಟಿನ ಮೇಲೆ ಮೇಣ ಕರಗಿ ಹಳದಿ ಕಣ್ಣೀರಿನ ಹಾಗೆ ಮೂತಿಯವರೆಗೆ ಇಳಿಯುತ್ತಿತ್ತು. ಹಿಂದಿನ ಎಲ್ಲ ಗುಳಿಗಳೂ ಒಂದೊಂದಾಗಿ ಬಾಯಿ ತೆರೆದವು. ಚಿಕ್ಕಳಿಯ ಷಡ್ಡಕನನ್ನು ಇಳಿಸಿ, ಊರುಗೋಲು ಕೈಗೆ ಕೊಟ್ಟ. ಇಬ್ಬರೂ ಆ ಗುಳಿಗಳನ್ನು ನೋಡುತ್ತ ನಿಂತರು. ಇನ್ನು ತಡೆಯಲಾಗಲಿಲ್ಲ.

"ಅಣ್ಣ, ನಿಮ್ದು ಎಲ್ಲ ಕಾಣ್ತಿದೆ. ನಂದೂ ಒಂದಿದೆ."

"ಇರ್ಲಿ ಬಿಡು."

"ಇರ್ಲಿ ಅಲ್ಲ ಅಣ್ಣ, ಕೇಳಿ. ಒಂದಕ್ಷರ ಸುಳ್ಳಿಲ್ಲ. ಅವತ್ತು ಬೀರು ಮೇಲಿದ್ದಿದ್ದು ಧೂಳಲ್ಲ. ಮಡಚಿ ಕೆಳಗಿಡೋ ಬದ್ಲು ಆ ಕವರನ್ನ ಉಂಡೆ ಸುತ್ತಿ ಮೇಲಕ್ಕೆ..."

ದೊಡ್ಡಳಿಯ ಊರುಗೋಲುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಟಕ್, ಟಕ್, ಟಕ್ ಎಂದು ಬಾವುಟದಯ್ಯನ ಕಡೆ, ಇನ್ನೊಂದು ಸುತ್ತು ಸಿಗುತ್ತದೆಯೇ ಎಂದು ಕೇಳಲು, ಹಿಂತಿರುಗಿ ನೋಡದೆ ಹೊರಟುಬಿಟ್ಟ.

"...ಮೇಲಕ್ಕೆ ಎಸೆದೋನು" ಎಂದ ಚಿಕ್ಕಳಿಯ ಕಾರಿನ ಮೂತಿಗೆ, "ಎಸೆದೋನು ಬೇರೆ ಯಾರೂ ಅಲ್ಲ ಅಣ್ಣ, ಅದು..."